ಮೊಲದ ಚರ್ಮ ಕೆಂಪಾಗದಿದ್ದರೆ ಕ್ಯಾನಬಿಡಿಯಾಲ್ ಜೆಲ್ ನಿರಪಾಯಕಾರಿಯೇ?

ಚಿತ್ರದುರ್ಗದಲ್ಲಿ ಬಿ.ಫಾರ್ಮಾ ಓದುತ್ತಿರುವ ತಾವು, ಕ್ಯಾನಬಿಡಿಯಾಲ್ (ಗಾಂಜಾ ಗಿಡದಲ್ಲಿರುವ ಒಂದು ವಸ್ತು) ಸೇರಿಸಿದ ಅರಿವಳಿಕೆ ಜೆಲ್ ಹಚ್ಚಿದ ಮೊಲದ ಚರ್ಮ ಕೆಂಪಾಗದಿದ್ದರೆ ಅದನ್ನು ನಿರಪಾಯಕಾರಿ ಎನ್ನಬಹುದೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹಾಗೆನ್ನಲಾಗದು. ದಾವಣಗೆರೆಯಲ್ಲಿ ಎಂ.ಫಾರ್ಮಾ ಮಾಡುವಾಗ ನಾನು ಪರೀಕ್ಷಿಸಿದ್ದು ಲಿಡೊಕೇನ್ ಎಂಬ ಅರಿವಳಿಕೆ ಔಷಧದ ಜೆಲ್ಲನ್ನು. ಆದರೆ ಮೊಲದ ಚರ್ಮದ ಮೇಲೆ ಪರೀಕ್ಷಿಸುವ ವಿಧಾನ ಎರಡಕ್ಕೂ ಒಂದೇ.

ಬಿಳಿ ಮೊಲದ ಬೆನ್ನಿನ ರೋಮವನ್ನು ಹಿಂದಿನ ದಿನವೇ ಕತ್ತರಿಸಿ, ಸುಮಾರು 6 ಚದರ ಸೆಂ.ಮೀ. ಜಾಗಕ್ಕೆ ಅರ್ಧ ಗ್ರಾಂ ಜೆಲ್ ಹಚ್ಚಿ, ಮೇಲೆ ಗಾಜ್ ಪಟ್ಟಿ ಕಟ್ಟಿ 4 ಗಂಟೆ ಬಿಡುತ್ತಾರೆ. ಪಟ್ಟಿ ತೆಗೆದ ಬಳಿಕ 1, 24, 48 ಮತ್ತು 72ನೇ ಗಂಟೆಗಳಲ್ಲಿ ಕೆಂಪಿಗೂ ಊತಕ್ಕೂ ಪ್ರತ್ಯೇಕವಾಗಿ 0ಯಿಂದ (ಏನೂ ಇಲ್ಲ) 4ರವರೆಗೆ (ತೀವ್ರ) ಅಂಕ ಕೊಡುತ್ತಾರೆ. ಈ ಅಂಕಗಳ ಮೂಲ 1944ರಲ್ಲಿ ಅಮೆರಿಕದ ವಿಷವಿಜ್ಞಾನಿ ಡ್ರೇಜ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. (ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಪ್ರಾಣಿಗೃಹವನ್ನು 20 ಡಿಗ್ರಿಯ ಆಸುಪಾಸಿನಲ್ಲಿ ಇಡುವುದೇ ಇನ್ನೊಂದು ಪರೀಕ್ಷೆ.)

ಮೊದಲ ಗಂಟೆಯಲ್ಲಿ ನಾನು ಎಲ್ಲ ಮೊಲಗಳಿಗೂ ಸೊನ್ನೆ ಬರೆದು ನೆಮ್ಮದಿಯಾಗಿದ್ದೆ. ಮರುದಿನ ನೋಡಿದರೆ ಔಷಧವೇ ಇಲ್ಲದ ಬರಿಯ ಜೆಲ್ ಹಚ್ಚಿದ್ದ ಜಾಗವೂ ನಸುಗೆಂಪಾಗಿತ್ತು. ಅನುಮಾನವೆಲ್ಲ ನಾನು ಧಾರಾಳವಾಗಿ ಸುರಿದಿದ್ದ ಪ್ರೊಪಿಲಿನ್ ಗ್ಲೈಕಾಲ್ ಎಂಬ ದ್ರಾವಕದ ಮೇಲೆ ಹೋಯಿತು. ಕ್ಯಾನಬಿಡಿಯಾಲ್ ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಅದರ ಜೆಲ್ಲಿಗೆ ಇಂಥ ದ್ರಾವಕಗಳು ಅಥವಾ ಆಲ್ಕೋಹಾಲ್ ಇನ್ನೂ ಹೆಚ್ಚಾಗಿ ಬೇಕಾಗುತ್ತವೆ. ಆದ್ದರಿಂದ ಬರಿಯ ಜೆಲ್ಲಿನ ಅಂಕವನ್ನು ಪಕ್ಕದಲ್ಲಿಡದೆ ಔಷಧದ ಮೇಲೆ ಗೂಬೆ ಕೂರಿಸುವುದೂ ತಪ್ಪು, ಅದನ್ನು ಹೊಗಳುವುದೂ ತಪ್ಪು.

ಅರಿವಳಿಕೆಗಳಲ್ಲಿ ಇನ್ನೊಂದು ತೊಡಕಿದೆ. ಲಿಡೊಕೇನ್ ಮತ್ತು ಅದರಂಥದೇ ಇನ್ನೊಂದು ಅರಿವಳಿಕೆಯಾದ ಪ್ರಿಲೊಕೇನ್ ಬೆರೆಸಿದ ಕ್ರೀಮು ಮೊದಲು ರಕ್ತನಾಳಗಳನ್ನು ಕುಗ್ಗಿಸಿ ಚರ್ಮವನ್ನು ಬಿಳಿಚಿಸಿ, ಆಮೇಲೆ ಕೆಂಪಾಗಿಸುವುದುಂಟು; ಮರಗಟ್ಟಿದ ಜಾಗವನ್ನು ಮೊಲ ಕೆರೆದುಕೊಳ್ಳುವುದೂ ಇಲ್ಲ. ಹಾಗಾಗಿ ಇಂಥ ಜೆಲ್ಲಿನ ವಿಷಯದಲ್ಲಿ ಮೊದಲ ಗಂಟೆಯ ಸೊನ್ನೆಗಿಂತ 24ರಿಂದ 72 ಗಂಟೆಗಳ ಅಂಕಗಳನ್ನೇ ನಾನು ನಂಬುತ್ತೇನೆ. ಅವೂ ಸೊನ್ನೆಯಾದರೂ, ಪದೇ ಪದೇ ಹಚ್ಚಿದರೆ ಅಲರ್ಜಿಯಾಗುತ್ತದೆಯೇ ಎಂಬುದು ಈ ಪರೀಕ್ಷೆಯಿಂದ ತಿಳಿಯದು; ಅದಕ್ಕೆ ಗಿನಿಯಿಲಿ ಅಥವಾ ಸುಂಡಿಲಿಗಳ ಮೇಲೆ ಮಾಡುವ ಬೇರೆ ಪರೀಕ್ಷೆಗಳಿವೆ.

ಮೊಲವನ್ನು ಮುಟ್ಟುವ ಮುನ್ನ ಕಾಲೇಜಿನ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು. ಪ್ರಯೋಗಾಲಯದಲ್ಲಿ ಮಾನವ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರದ ಮೇಲೆ ಜೆಲ್ ಹಚ್ಚಿದಾಗ ಬದುಕುಳಿದ ಕೋಶಗಳು ಶೇಕಡಾ 50ಕ್ಕಿಂತ ಹೆಚ್ಚಿಲ್ಲದಿದ್ದರೆ ಅದು ಉರಿ ತರುವಂಥದ್ದೆಂದು ಅಲ್ಲಿಯೇ ಗೊತ್ತಾಗುತ್ತದೆ. ಅಂಥ ಜೆಲ್ಲನ್ನು ಮೊಲದವರೆಗೆ ಒಯ್ಯುವ ಅಗತ್ಯವೇ ಬೀಳದು.