ಪಾಲು ಕೇಳುವುದು ದುರಾಶೆಯೇ?

ತಂದೆ ಉಯಿಲು ಬರೆಯದೆ ತೀರಿಕೊಂಡರು, ಅಣ್ಣನಲ್ಲಿ ಪಾಲು ಕೇಳಿದರೆ ಕ್ರೈಸ್ತಳಾಗಿ ದುರಾಶೆ ಪಟ್ಟಂತೆಯೇ ಎಂದು ಕೇಳಿದ್ದೀರಿ. ನಿಮ್ಮಂಥದೇ ವ್ಯಾಜ್ಯ ಬೈಬಲಿನ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಸಹೋದರನಿಗೆ ಹೇಳಿ ಎಂದು ಒಬ್ಬ ಬಂದಾಗ ಯೇಸು ಪಂಚಾಯಿತಿಗೆ ಕೂರಲು ಒಪ್ಪಲಿಲ್ಲ. ಲೋಭದ ಬಗ್ಗೆ ಎಚ್ಚರಿಸಿದ್ದು ಮಾತ್ರ ಅವನೊಬ್ಬನನ್ನಲ್ಲ, ನೆರೆದವರೆಲ್ಲರನ್ನು. ಪಾಲು ಕೊಡದೆ ಹಿಡಿದಿಟ್ಟುಕೊಂಡವನಿಗೂ ಆ ಮಾತು ಸಲ್ಲುತ್ತದೆ. (ನಮ್ಮಲ್ಲಿ ಉಪದೇಶವೆಲ್ಲ ಪಾಲು ಕೇಳಿದವರಿಗೇ, ಅದರಲ್ಲೂ ಹೆಣ್ಣುಮಕ್ಕಳಿಗೆ!)

ಅಲ್ಲೇ ಮುಂದೆ ಯೇಸು ಹೇಳುವ ಕಥೆಯ ಶ್ರೀಮಂತನನ್ನು ನೋಡಿ. ಹೊಲ ಚೆನ್ನಾಗಿ ಬೆಳೆಯಿತು, ಅದು ತಪ್ಪಲ್ಲ. ಆದರೆ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು ಎಂದು ತನ್ನೊಡನೆ ತಾನೇ ಮಾತನಾಡಿಕೊಳ್ಳುತ್ತಾನೆ. ಅವನ ಲೆಕ್ಕದಲ್ಲಿ ಮತ್ತೊಬ್ಬ ಮನುಷ್ಯನೇ ಇಲ್ಲ. ಲೋಭವೆಂದರೆ ಅದು. ನೀವು ಕೇಳುತ್ತಿರುವುದು ಹಕ್ಕು: 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಕ್ರೈಸ್ತ ಗಂಡು, ಹೆಣ್ಣು ಮಕ್ಕಳಿಗೆ ಸಮಪಾಲು.

ಕೋರ್ಟಿಗೆ ಹೋಗುವ ಮುಂಚೆ, ಅಪೊಸ್ತಲ ಪೌಲನು ಕೊರಿಂಥದ ಕ್ರೈಸ್ತರಿಗೆ ಪತ್ರದಲ್ಲಿ ಬರೆದಂತೆ, ನಿಮ್ಮ ಚರ್ಚಿನ ಸಭೆಯ ವಿವೇಕಿಯೊಬ್ಬರನ್ನು ಮಧ್ಯಸ್ಥಿಕೆಗೆ ಕರೆಯಿರಿ. ತಾಯಿ ಇದ್ದರೆ ಅವರಿಗೆ ಸಲ್ಲಬೇಕಾದ ಮೂರನೇ ಒಂದು ಭಾಗವನ್ನು ಮೊದಲು ತೆಗೆದಿಡಿ. ಅಣ್ಣ ತಂಗಿಯರ ಜಗಳದಲ್ಲಿ ಅದು ಮರೆತೇ ಹೋಗುತ್ತದೆ.