21 ದಿನದಲ್ಲಿ ಗಲ್ಲು: ಕರ್ನಾಟಕವೂ ಇಂಥ ಕಾನೂನು ತರಬಹುದೇ?

ಆಂಧ್ರದ ದಿಶಾ ಮಸೂದೆಯಂತೆ 21 ಕೆಲಸದ ದಿನಗಳಲ್ಲಿ ತೀರ್ಪು, ಅತ್ಯಾಚಾರಿಗೆ ಗಲ್ಲು ಎಂಬ ಕಾನೂನನ್ನು ಕರ್ನಾಟಕವೇಕೆ ಮಾಡಬಾರದು ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ; ಕೇಂದ್ರದ ಕಾಯ್ದೆಗೆ ಹೊಂದದ ರಾಜ್ಯ ಕಾನೂನು ನಿಲ್ಲಬೇಕಾದರೆ ಸಂವಿಧಾನದ 254(2)ನೇ ವಿಧಿಯಡಿ ರಾಷ್ಟ್ರಪತಿಗಳ ಅಂಕಿತ ಬೇಕು. 2019ರ ಡಿಸೆಂಬರ್‌ನಲ್ಲಿ ಆಂಧ್ರ ವಿಧಾನಸಭೆ ಒಪ್ಪಿದ ಮಸೂದೆ ಅಲ್ಲೇ ಸಿಕ್ಕಿಕೊಂಡಿತು. ಅತ್ಯಾಚಾರಕ್ಕೆ ಕಠಿಣ ಶಿಕ್ಷೆ ಹೇಳುವ ಪಶ್ಚಿಮ ಬಂಗಾಳದ 2024ರ ಅಪರಾಜಿತಾ ಮಸೂದೆಯನ್ನೂ ರಾಜ್ಯಪಾಲರು ರಾಷ್ಟ್ರಪತಿಗಳಿಗೇ ಕಳಿಸಿದರು.

ಗಲ್ಲು ಈಗಲೂ ಇದೆ. 12 ವರ್ಷದೊಳಗಿನ ಹೆಣ್ಣುಮಗುವಿನ ಮೇಲಿನ ಅತ್ಯಾಚಾರಕ್ಕೆ 2018ರಿಂದಲೇ ಮರಣದಂಡನೆಯವರೆಗೂ ಶಿಕ್ಷೆ ಕೊಡಬಹುದು. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಕೋರ್ಟು ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಆದಷ್ಟು ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ಆಗುವುದೇನು? ಡಿಎನ್‌ಎ ವರದಿ ಬಂದಿಲ್ಲ, ವಕೀಲರು ಬಂದಿಲ್ಲ ಎಂದು ದಿನಾಂಕ ಮುಂದೆ ಹೋಗುತ್ತದೆ. ಏಳನೇ ಕ್ಲಾಸಿನಲ್ಲಿ ದೂರು ಕೊಟ್ಟ ಹುಡುಗಿ ಪಿಯುಸಿಗೆ ಬಂದಿರುತ್ತಾಳೆ. ಆರೋಪಿ ಮನೆಯವನೇ ಆಗಿದ್ದರೆ, ಅವಳ ಬಾಯಿ ಮುಚ್ಚಿಸಲು ಅಷ್ಟು ಕಾಲ ಧಾರಾಳ.

ಶಾಸಕರಿಗೆ ಮನವಿ ಕೊಡುವುದಾದರೆ ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಸಾಕಷ್ಟು ಸಿಬ್ಬಂದಿ, ಪೋಕ್ಸೋ ಕೋರ್ಟುಗಳಿಗೆ ಪೂರ್ಣಾವಧಿ ಸರ್ಕಾರಿ ಅಭಿಯೋಜಕರು ಬೇಕೆಂದು ಬರೆಯಿರಿ. ಇದನ್ನು ರಾಜ್ಯ ಸರ್ಕಾರ ಬರುವ ಬಜೆಟ್‌ನಲ್ಲೇ ಮಾಡಬಹುದು.