‘ಎಂಜಲಿನಿಂದ ಹರಡುವ ಕ್ಯಾನ್ಸರ್’ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಲೆಬರಹ. ಎಂಜಲಿನಿಂದ ಹರಡುವುದು ಎಪ್‌ಸ್ಟೀನ್-ಬಾರ್ ವೈರಸ್. ಕ್ಯಾನ್ಸರ್ ಹಾಗೆ ಹರಡುವುದಿಲ್ಲ. ದೊಡ್ಡವರಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನರ ಮೈಯಲ್ಲಿ ಈ ವೈರಸ್ ಇದೆ. ಬಿಳಿ ರಕ್ತಕಣಗಳಲ್ಲಿ ಬಿ ಕಣ ಅಂತ ಒಂದು ಜಾತಿ ಇದೆಯಲ್ಲ, ಅದರೊಳಗೆ ಜೀವನಪೂರ್ತಿ ಸುಮ್ನೆ ಕೂತಿರುತ್ತದೆ. ಬಹುತೇಕರಿಗೆ ಅದರಿಂದ ಕ್ಯಾನ್ಸರ್ ಬರುವುದೇ ಇಲ್ಲ. ಇದನ್ನು ನೀವು ನಾಲ್ಕನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೀರಿ. ತಲೆಬರಹಕ್ಕೇ ಹೆದರಿದವರು ಅಲ್ಲಿಯವರೆಗೆ ಬರುತ್ತಾರಾ?

ನೀವು ಬರೆದಿರುವ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ನಮ್ಮ ಚಿಕ್ಕಮ್ಮನಿಗೆ ಆಗಿತ್ತು. ಕೀಮೋ ಮುಗಿಸಿ ಮನೆಗೆ ಬಂದಾಗ ಅವರ ಸ್ಟೀಲ್ ಲೋಟಕ್ಕೆ ಯಾರೋ ಕೆಂಪು ದಾರ ಕಟ್ಟಿದ್ದರು, ಬೇರೆಯವರು ತಪ್ಪಿ ಕುಡಿಯಬಾರದು ಅಂತ. ಚಿಕ್ಕಮ್ಮ ಏನೂ ಕೇಳಲಿಲ್ಲ. ಬಣ್ಣ ಹೋಗಿ ದಾರ ಬೆಳ್ಳಗಾಗುವವರೆಗೂ ಅದರಲ್ಲೇ ಕಾಫಿ ಕುಡಿದರು. ನಿಮ್ಮ ತಲೆಬರಹ ಇನ್ಯಾರದೋ ಮನೆಯಲ್ಲಿ ಅಂಥದೇ ದಾರ ಕಟ್ಟಿಸುತ್ತದೆ. ‘ಮಗುವಿಗೆ ಮುತ್ತು ಕೊಡಬೇಡಿ’ ಎಂಬ ಸಲಹೆಯನ್ನೂ ದಯವಿಟ್ಟು ತೆಗೆಯಿರಿ.

‘ವಿಜ್ಞಾನಿಗಳು ಕಂಡುಹಿಡಿದರು’ ಎಂದು ಮೂರು ಕಡೆ ಬರೆದಿದ್ದೀರಿ. ಯಾರು, ಎಲ್ಲಿ? 1957ರಲ್ಲಿ ಉಗಾಂಡದ ಕಂಪಾಲಾದಲ್ಲಿ ಸರ್ಜನ್ ಡೆನಿಸ್ ಬರ್ಕಿಟ್ ಒಬ್ಬ ಹುಡುಗನನ್ನು ನೋಡಿದರು. ಮೇಲಿನ ದವಡೆ, ಕೆಳಗಿನ ದವಡೆ, ಎಡ, ಬಲ, ಎಲ್ಲಾ ಕಡೆ ಗಡ್ಡೆ. ಅದೂ ಬಿ ಕಣಗಳ ಒಂದು ಲಿಂಫೋಮಾ. ಆಮೇಲೆ 1961ರಲ್ಲಿ ಇಬ್ಬರು ಗೆಳೆಯರ ಜೊತೆ ಹಳೇ ಕಾರಿನಲ್ಲಿ ಸುಮಾರು 10,000 ಮೈಲಿ ಸುತ್ತಿ, ಈ ಕಾಯಿಲೆ ಎಲ್ಲೆಲ್ಲಿದೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೇಳಿದರು. ಸೆಕೆ, ಮಳೆ ಎರಡೂ ಜಾಸ್ತಿ ಇರುವ ಕಡೆಯೇ ಅದು ಸಿಕ್ಕಿತು. ಅಂದರೆ ಮಲೇರಿಯಾ ಇರುವ ಕಡೆ. ನಿಮ್ಮ ಲೇಖನದಲ್ಲಿ ಮಲೇರಿಯಾ ಎಂಬ ಪದವೇ ಇಲ್ಲ! ಪದೇ ಪದೇ ಮಲೇರಿಯಾ ಬಂದರೆ ಬಿ ಕಣಗಳು ವಿಪರೀತ ಹೆಚ್ಚುತ್ತವೆ, ವೈರಸ್ ಮೇಲಿನ ಮೈಯ ಹಿಡಿತ ಸಡಿಲವಾಗುತ್ತದೆ. ಆ ಗಡಿಬಿಡಿಯಲ್ಲಿ ‘ಮಿಕ್’ ಎಂಬ ಜೀನ್ ತನ್ನ ಜಾಗ ಬಿಟ್ಟು ಬೇರೆ ಕಡೆ ಅಂಟಿಕೊಂಡರೆ ಕಣ ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ವೈರಸ್ ಒಂದೇ ಸಾಲದು ಎಂಬುದು ಓದುಗರಿಗೆ ಇಲ್ಲಿ ಅರ್ಥವಾಗಬೇಕು.

ನಿಮ್ಮ ಹತ್ತಿರ ಇರುವ ಒಳ್ಳೆಯ ಪ್ರಸಂಗವನ್ನು ‘ಆಕಸ್ಮಿಕವಾಗಿ’ ಎಂಬ ಒಂದು ಪದದಲ್ಲಿ ಮುಗಿಸಿಬಿಟ್ಟಿದ್ದೀರಿ. 1963ರ ಡಿಸೆಂಬರ್. ಉಗಾಂಡದಿಂದ ಲಂಡನ್ನಿಗೆ ಇದೇ ಕಾಯಿಲೆಯ ಗಡ್ಡೆಯ ತುಣುಕು ಬರುತ್ತಿದೆ. ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ಅದರಲ್ಲಿ ವೈರಸ್ ಹುಡುಕುತ್ತಿದ್ದ ಸಂಶೋಧಕ ಆಂಟನಿ ಎಪ್‌ಸ್ಟೀನ್ ಕೈಗೆ ಸಿಗುವಷ್ಟರಲ್ಲಿ ಬಾಟಲಿಯ ದ್ರವ ಬಗ್ಗಡವಾಗಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿದೆ ಎಂದು ಚೆಲ್ಲಬಹುದಿತ್ತು. ಅವರು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗಡ್ಡೆಯಿಂದ ಬಿಡಿಸಿಕೊಂಡ ಕಣಗಳು ಜೀವಂತವಾಗಿ ತೇಲುತ್ತಿದ್ದವು! ಅಂಥ ಕಣಗಳನ್ನು ಬೆಳೆಸಿಯೇ 1964ರಲ್ಲಿ ವೈರಸ್ಸನ್ನು ಕಂಡದ್ದು. ಲೇಖನ ಇಲ್ಲಿಂದಲೇ ಶುರುವಾಗಲಿ.

ಲಿವರಿಗೆ ತಗಲುವ ಹೆಪಟೈಟಿಸ್ ಸಿ ವೈರಸ್ಸಿನ ಭಾಗ ಚೆನ್ನಾಗಿದೆ. ವೈರಸ್ಸಿಗೆ ಔಷಧಿ ಕೊಟ್ಟಾಗ ಕೆಲವು ನಿಧಾನದ ಲಿಂಫೋಮಾಗಳೂ ಕರಗುತ್ತವೆ ಎಂಬುದನ್ನು ಇನ್ನೂ ಬಿಡಿಸಿ ಬರೆಯಿರಿ. ಕುತ್ತಿಗೆಯ ಗಂಟೆಲ್ಲ ಕ್ಯಾನ್ಸರ್ ಅಲ್ಲ, ನಮ್ಮ ಕಡೆ ಟಿಬಿಯಿಂದಲೂ ಬರುತ್ತದೆ, ವಾರಗಟ್ಟಲೆ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ ಎಂಬ ಮಾತೂ ಇರಲಿ.

ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಇಟ್ಟಿರುತ್ತೇನೆ. ಹದಿನೈದು ದಿನದೊಳಗೆ ಕಳಿಸಿ.